ಗಾಲ್ಸ್‌ವರ್ದಿಯ ‘ನ್ಯಾಯ’ದಲ್ಲಿ ಬಾರದ ಪಾತ್ರ

ಸಾಹಿತ್ಯದಿಂದ ಲೋಕಕ್ಕೆ ಆಗುವ ಉಪಕಾರವೇನೆಂದು ಕೇಳುವವರಿಗೆ ನಮ್ಮ ಅಧ್ಯಾಪಕರು ಕೊಡುತ್ತ ಬಂದಿರುವ ಉತ್ತರಗಳಲ್ಲಿ ಜಾನ್ ಗಾಲ್ಸ್‌ವರ್ದಿಯ ‘ಜಸ್ಟಿಸ್’ ನಾಟಕವೂ ಒಂದು. ಅದು ೧೯೧೦ನೆಯ ಫೆಬ್ರವರಿ ೨೧ರಂದು ಲಂಡನ್ನಿನ ಡ್ಯೂಕ್ ಆಫ್ ಯಾರ್ಕ್ ರಂಗಮಂದಿರದಲ್ಲಿ ಮೊದಲು ಪ್ರಯೋಗವಾಯಿತು. ಗೃಹಮಂತ್ರಿಯ ಪದವಿಯನ್ನು ವಹಿಸಿಕೊಂಡು ಆಗ ಕೆಲವೇ ದಿನಗಳಾಗಿದ್ದ ವಿನ್‌ಸ್ಟನ್ ಚರ್ಚಿಲನು ಆ ವರುಷವೇ ಸೆರೆಮನೆಗಳಲ್ಲಿನ ಏಕಾಂತವಾಸದ ಅವಧಿಯನ್ನು, ಮರಳಿ ಮರಳಿ ಅಪರಾಧ ಮಾಡಿದವರ ಹೊರತು ಉಳಿದವರಿಗೆಲ್ಲ, ಒಂದು ತಿಂಗಳಿಗೆ ಇಳಿಸಿದನು. ನಾಟಕವೊಂದೇ ಇದಕ್ಕೆ ಕಾರಣವೆಂದರೆ ಅತ್ಯುಕ್ತಿಯಾದೀತು. ಗ್ರಂಥಕರ್ತನು ಅದಕ್ಕೆ ಮೊದಲೇ, ೧೯೦೯ರಲ್ಲಿ, ಆಗಿನ ಗೃಹಮಂತ್ರಿ ಹರ್ಬರ್ಟ್ ಗ್ಲ್ಯಾಡ್‌ಸ್ಟನ್ನನಿಗೆ ಈ ವಿಷಯವಾಗಿ ಬಹಿರಂಗಪತ್ರವನ್ನು ಬರೆದಿದ್ದನು. ಆದರೂ ರಂಗಭೂಮಿಯ ಮೇಲೆ ಕಂಡುದು ಸರಕಾರದ ಕಡತಕ್ಕೆ ಏರಿತೆಂಬ ಕೀರ್ತಿ ಈ ಕೃತಿಗೆ ನ್ಯಾಯವಾಗಿಯೇ ಸಂದಿದೆ. ೧೯೩೦ರ ಸುಮಾರಿಗೆ ಪ್ರೇಮಚಂದರೇ ಇದನ್ನು ಹಿಂದಿಗೆ ತಂದರೆಂಬುದರಿಂದ ನಮ್ಮ ದೇಶದಲ್ಲಿ ಇದಕ್ಕಿದ್ದ ಮನ್ನಣೆಯನ್ನು ಊಹಿಸಬಹುದು.

ಇಂತಹ ಕೀರ್ತಿಗೆ ಒಂದು ದೋಷವುಂಟು. ಏಕಾಂತವಾಸದ ದೃಶ್ಯವೊಂದೇ ಎಲ್ಲರ ನೆನಪಿನಲ್ಲಿ ನಿಂತು, ನಾಟಕದ ಉಳಿದ ಭಾಗ ಅದರ ನೆರಳಿನಲ್ಲಿ ಮರೆಯಾಗಿಬಿಟ್ಟಿದೆ. ನನ್ನ ಮಟ್ಟಿಗೆ, ಈ ನಾಟಕದ ನಿಜವಾದ ಗಂಟು ಸೆರೆಮನೆಯ ಕೋಣೆಯಲ್ಲಿಲ್ಲ. ಅದಕ್ಕೆ ಮುಂಚಿನ ಅಂಕದ ಕೊನೆಯಲ್ಲಿ, ನ್ಯಾಯಾಧೀಶನು ಹೇಳಿ ಮುಗಿಸುವ ಒಂದು ಮಾತಿನಲ್ಲಿದೆ. ಅದನ್ನು ಕುರಿತೇ ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ಕಥೆಯನ್ನು ಅರಿಯದವರಿಗಾಗಿ ಸಂಕ್ಷೇಪವಾಗಿ ಹೇಳುವೆನು. ಜೇಮ್ಸ್ ಹೌ ಮತ್ತು ಅವನ ಮಗ ವಾಲ್ಟರ್ ಹೌ ಎಂಬ ಸಾಲಿಸಿಟರುಗಳ ಕಚೇರಿಯಲ್ಲಿ ವಿಲಿಯಮ್ ಫಾಲ್ಡರ್ ಕಿರಿಯ ಗುಮಾಸ್ತ, ವಯಸ್ಸು ೨೩. ರೂತ್ ಹನಿವಿಲ್ ಎಂಬ ಹೆಂಗಸಿನಲ್ಲಿ ಇವನಿಗೆ ಪ್ರೇಮ. ಆಕೆಯ ಗಂಡ ಕುಡುಕ, ಕ್ರೂರಿ. ಒಂದು ದಿನ ಆಕೆಯ ಕೊರಳನ್ನೇ ಹಿಸುಕಲು ಹೋಗಿದ್ದಾನೆ. ಅಂದಿನ ಕಾನೂನಿನಲ್ಲಿ ಬರಿಯ ಕ್ರೌರ್ಯದ ಕಾರಣದಿಂದ ಹೆಂಡತಿಗೆ ವಿವಾಹವಿಚ್ಛೇದ ದೊರೆಯುವಂತಿರಲಿಲ್ಲ. ಆಕೆಯನ್ನೂ ಮಕ್ಕಳನ್ನೂ ಕರೆದುಕೊಂಡು ದಕ್ಷಿಣ ಅಮೆರಿಕಕ್ಕೆ ಓಡಿಹೋಗಬೇಕೆಂದು ಫಾಲ್ಡರನು, ಕೈಗೆ ಬಂದ ಒಂಬತ್ತು ಪೌಂಡಿನ ಚೆಕ್ಕನ್ನು ತೊಂಬತ್ತಾಗಿ ತಿದ್ದಿ ನಗದು ಮಾಡುತ್ತಾನೆ. ಅಷ್ಟೇ ಆಗಿದ್ದರೆ ಮುದುಕ ಜೇಮ್ಸನು ಕ್ಷಮಿಸುತ್ತಿದ್ದನೋ ಏನೋ. ಆದರೆ ಚೆಕ್ಕು ಪುಸ್ತಕದಲ್ಲಿ ಉಳಿದ ಅರ್ಧವನ್ನೂ ಇವನು ಆಮೇಲೆ ತಿದ್ದಿರುತ್ತಾನೆ. ಅದರಿಂದ ಡೇವಿಸ್ ಎಂಬ, ಆಗಲೇ ಹಡಗು ಹತ್ತಿ ಆಸ್ಟ್ರೇಲಿಯಕ್ಕೆ ಹೊರಟುಹೋದ, ನಿರಪರಾಧಿಯಾದ ಇನ್ನೊಬ್ಬ ಗುಮಾಸ್ತನ ಮೇಲೆ ಅನುಮಾನ ಬೀಳುವಂತಾಗುತ್ತದೆ. ಗಾಲ್ಸ್‌ವರ್ದಿಯ ಪ್ರಾಮಾಣಿಕತೆಯನ್ನು ಇಲ್ಲಿ ಮೆಚ್ಚಬೇಕು. ತನ್ನ ನಾಯಕನನ್ನು ಅವನು ಹಾಲಿನಲ್ಲಿ ತೊಳೆದು ನಿಲ್ಲಿಸಲಿಲ್ಲ. ಫಾಲ್ಡರನು ದುರ್ಬಲನು, ಅವನ ದೌರ್ಬಲ್ಯದಿಂದ ಇನ್ನೊಬ್ಬನಿಗೆ ಕೇಡಾಗುತ್ತಿದ್ದಿತು. ಕರುಣೆಗೆ ಅರ್ಹರಾದವರೆಲ್ಲ ನಿರ್ದೋಷಿಗಳಾಗಿರಬೇಕೆಂದು ಬಯಸುವ ಓದುಗರಿಗೆ ಇದು ಮೊದಲನೆಯ ಅಂಕದಲ್ಲಿಯೇ ತಗಲುವ ಎಡವುಗಲ್ಲು.

ಎರಡನೆಯ ಅಂಕ ನ್ಯಾಯಸ್ಥಾನ. ಫಾಲ್ಡರನ ಪರವಾಗಿ ವಾದಿಸುವ ಫ್ರೋಮ್ ಎಂಬ ತರುಣ ವಕೀಲನು, ಅಪರಾಧದ ಆ ಕೆಲವು ನಿಮಿಷಗಳಲ್ಲಿ ಆಪಾದಿತನಿಗೆ ಬುದ್ಧಿ ಸ್ವಾಧೀನದಲ್ಲಿರಲಿಲ್ಲವೆಂದು ಸಾಧಿಸಲು ಹೊರಡುತ್ತಾನೆ. ನ್ಯಾಯವೆಂಬುದು ಯಾರೋ ಒಮ್ಮೆ ನೂಕಿಬಿಟ್ಟರೆ ತಾನಾಗಿ ಉರುಳುತ್ತ ಹೋಗುವ ಯಂತ್ರವೆಂದು ಜೂರಿಯವರಿಗೆ ಎಚ್ಚರಿಕೆ ಕೊಡುತ್ತಾನೆ. ಜೂರಿಯವರು ಅಪರಾಧಿಯೆಂದು ನಿರ್ಣಯಿಸುತ್ತಾರೆ. ಆಗ ನ್ಯಾಯಾಧೀಶನು, ಕಾನೂನು ಎಲ್ಲರಿಗೂ ನೆಳಲಾದ ಭವ್ಯಸೌಧವೆಂದು ಹೊಗಳಿ, ಆಪಾದಿತನಿಗೆ ಅನುಕೂಲವಾಗಿ ತಾನು ಬಳಸಬಹುದಾದ ಅಧಿಕಾರ ತನಗೆ ಇದೆಯೆಂದು ಒಪ್ಪಿಕೊಂಡು, ಸಮಾಜದ ವಿಷಯದಲ್ಲಿ ತನಗಿರುವ ಕರ್ತವ್ಯದ ದೆಸೆಯಿಂದ ಅದನ್ನು ಬಳಸಲಾರೆನೆಂದು ಹೇಳಿ, ಮೂರು ವರುಷದ ಕಠಿಣ ಸಜೆಯನ್ನು ವಿಧಿಸುತ್ತಾನೆ.

ಆ ಅಧಿಕಾರ ಯಾವುದು? ಪಾಠಹೇಳುವವರು ಇಲ್ಲಿ ನಿಲ್ಲುವುದನ್ನು ನಾನು ಕಂಡಿಲ್ಲ. ನಾಟಕಕ್ಕೆ ಮೂರು ವರುಷ ಹಿಂದೆ, ೧೯೦೭ರಲ್ಲಿ, ಇಂಗ್ಲೆಂಡಿನಲ್ಲಿ ಪ್ರೊಬೇಷನ್ ಕಾಯಿದೆ ಅಂಗೀಕಾರವಾಗಿತ್ತು. ಸೆರೆವಾಸಕ್ಕೆ ಅರ್ಹವಾದ ಅಪರಾಧದಲ್ಲಿ ದೋಷಿಯೆಂದು ಸಿದ್ಧವಾದವನನ್ನೂ, ಅವನ ನಡತೆ, ಪೂರ್ವವೃತ್ತಾಂತ, ವಯಸ್ಸು, ಆರೋಗ್ಯ, ಮನಃಸ್ಥಿತಿ, ಅಪರಾಧದ ಸಂದರ್ಭ ಇವುಗಳನ್ನು ಪರ್ಯಾಲೋಚಿಸಿ, ಸೆರೆಮನೆಗೆ ಕಳುಹಿಸುವ ಬದಲು ಸನ್ನಡತೆಯ ಮುಚ್ಚಳಿಕೆ ಬರೆಯಿಸಿಕೊಂಡು ಬಿಡುವುದಕ್ಕೆ ಆ ಕಾಯಿದೆಯು ನ್ಯಾಯಾಧೀಶನಿಗೆ ಅವಕಾಶ ಕೊಟ್ಟಿದ್ದಿತು. ಹಾಗೆ ಬಿಟ್ಟವನನ್ನು ಕಂಡುಕೊಂಡು ಬರಲು ಒಬ್ಬ ಅಧಿಕಾರಿಯನ್ನು ಗೊತ್ತುಮಾಡಬಹುದಾಗಿತ್ತು. ಆತನ ಕೆಲಸವೆಂದರೆ ಬುದ್ಧಿ ಹೇಳುವುದು, ನೆರವಾಗುವುದು, ಸ್ನೇಹಿತನಾಗಿರುವುದು. ಅಗತ್ಯವಾದರೆ ಉದ್ಯೋಗ ಹುಡುಕಿಕೊಡುವುದು. ಇಂಗ್ಲೆಂಡಿನ ಶಾಸನಗಳಲ್ಲಿ ಸ್ನೇಹವೆಂಬ ಪದವು ಸರಕಾರಿ ಕರ್ತವ್ಯವಾಗಿ ಬರೆಯಲ್ಪಟ್ಟುದು ಅಪೂರ್ವವೆಂದೇ ಹೇಳಬೇಕು. ಈ ಕಾಯಿದೆ ಬಂದುದು ಹರ್ಬರ್ಟ್ ಗ್ಲ್ಯಾಡ್‌ಸ್ಟನ್ನನ ಕಾಲದಲ್ಲಿಯೇ. ಗಾಲ್ಸ್‌ವರ್ದಿಯು ಬಹಿರಂಗಪತ್ರ ಬರೆದುದು ಇದೇ ಮಂತ್ರಿಗೆ. ಆದುದರಿಂದ ಅವನಿಗೆ ಇದರ ಅರಿವಿರಲಿಲ್ಲವೆನ್ನುವಂತಿಲ್ಲ. ಅವನು ತಾನೇ ಕಾನೂನನ್ನು ಓದಿ ೧೮೯೦ರಲ್ಲಿ ಬ್ಯಾರಿಸ್ಟರನಾದವನು, ತಂದೆ ಸಾಲಿಸಿಟರ್. ನ್ಯಾಯಾಧೀಶನ ಬಾಯಲ್ಲಿ ಆ ಮಾತನ್ನು ಅವನು ತಿಳಿದೇ ಇಟ್ಟಿದ್ದಾನೆ.

ಈ ಪದ್ಧತಿಯು ಮಂತ್ರಿಗಳ ತಲೆಯಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಬಾಸ್ಟನ್ ನಗರದಲ್ಲಿ ಜಾನ್ ಆಗಸ್ಟಸ್ ಎಂಬ ಚಮ್ಮಾರನಿದ್ದನು. ೧೮೪೧ರಲ್ಲಿ ಒಂದು ದಿನ ನ್ಯಾಯಸ್ಥಾನದಲ್ಲಿ ಕುಡುಕನೊಬ್ಬನನ್ನು ಕಂಡು, ಅವನನ್ನು ಸೆರೆಮನೆಗೆ ಕಳುಹಿಸಬೇಡಿರೆಂದು ಬೇಡಿ, ತಾನೇ ಜಾಮೀನು ನಿಂತು ಕರೆದುಕೊಂಡು ಹೋದನು. ಮೂರು ವಾರಗಳ ಮೇಲೆ ಅವನನ್ನು ಮತ್ತೆ ತಂದು ನಿಲ್ಲಿಸಿದಾಗ ಗುರುತು ಸಿಕ್ಕದಷ್ಟು ಬದಲಾಗಿದ್ದನಂತೆ. ನ್ಯಾಯಾಧೀಶನು ಒಂದು ಸೆಂಟು ದಂಡವನ್ನೂ ಖರ್ಚನ್ನೂ ಹಾಕಿ ಬಿಟ್ಟುಬಿಟ್ಟನು. ೧೮೫೯ರಲ್ಲಿ ತಾನು ಸಾಯುವುದರೊಳಗಾಗಿ ಈ ಚಮ್ಮಾರನು ಸುಮಾರು ೨೦೦೦ ಮಂದಿಗೆ ಹೀಗೆ ಹೊಣೆ ನಿಂತನು. ಇಂಗ್ಲೆಂಡಿನಲ್ಲಿ ಫ್ರೆಡರಿಕ್ ರೇನರ್ ಎಂಬ ಮುದ್ರಣಗಾರನು ೧೮೭೬ರಲ್ಲಿ ಒಂದು ಪಾನನಿರೋಧ ಸಂಘಕ್ಕೆ ಐದು ಷಿಲ್ಲಿಂಗುಗಳನ್ನು ಕಳುಹಿಸಿ, ಪೋಲೀಸು ಕೋರ್ಟುಗಳಲ್ಲಿ ನಿಂತು ಹೀಗೆ ಬೀಳುವವರನ್ನು ಹಿಡಿದೆತ್ತುವ ಕೆಲಸವಾಗಬೇಕೆಂದು ಬರೆದನು. ಚಪ್ಪಲಿ ಹೊಲಿಯುವವನೊಬ್ಬ, ಅಚ್ಚು ಹಾಕುವವನೊಬ್ಬ. ಇಬ್ಬರೂ ನೆರೆಹೊರೆಯವರು, ವಿದ್ವಾಂಸರಲ್ಲ. ‘ಜಸ್ಟಿಸ್’ ನಾಟಕವು ಈ ಕಥೆಯ ಇನ್ನೊಂದು ಮಗ್ಗುಲೆಂದು ನನಗೆ ತೋರುತ್ತದೆ: ನೆರೆಯವನು ಯಾರೂ ಹೊಣೆ ನಿಲ್ಲದಿದ್ದರೆ ಏನಾಗುವುದೆಂಬ ಕಥೆ.

ಮೂರನೆಯ ಅಂಕದ ಆ ಪ್ರಸಿದ್ಧ ದೃಶ್ಯವನ್ನು ಇನ್ನು ನೋಡೋಣ. ಅಲ್ಲಿ ಒಂದು ಮಾತೂ ಇಲ್ಲ. ಹದಿಮೂರು ಅಡಿ ಉದ್ದ, ಏಳಡಿ ಅಗಲದ ಕೋಣೆಯಲ್ಲಿ ಫಾಲ್ಡರನು ಒಬ್ಬನೇ ನಿಂತು ಕಿವಿಗೊಡುತ್ತಾನೆ. ಏನೂ ಕೇಳಿಸದು. ಪಂಜರದ ಮೃಗದಂತೆ ತಿರುಗುತ್ತಾನೆ, ಬಾಗಿಲಿಗೆ ಹಣೆಯೊತ್ತುತ್ತಾನೆ, ಹೊಲಿಯಲು ಕೊಟ್ಟ ಬಟ್ಟೆಯನ್ನು ಎತ್ತುತ್ತಾನೆ, ಇಡುತ್ತಾನೆ. ಕೈಯಿಂದ ಜಾರಿದ ತಗಡಿನ ಮುಚ್ಚಳದ ಸದ್ದಿಗೆ ಬೆಚ್ಚುತ್ತಾನೆ. ಗೋಡೆಯ ದಪ್ಪ ಗಾಜಿನ ಹಿಂದೆ ದೀಪ ತಟ್ಟನೆ ಹೊತ್ತಿಕೊಳ್ಳುತ್ತದೆ. ಅಷ್ಟರಲ್ಲಿ ಎಲ್ಲಿಯೋ ದೂರದ ಕೋಣೆಯಿಂದ ಬಾಗಿಲನ್ನು ಗುದ್ದುವ ಸದ್ದು. ಅದು ಕೋಣೆಯಿಂದ ಕೋಣೆಗೆ ಹಬ್ಬಿ ಹತ್ತಿರ ಹತ್ತಿರ ಬರುತ್ತದೆ. ಕೊನೆಗೆ ಇವನೂ ಬಾಗಿಲ ಮೇಲೆ ಬಿದ್ದು ಗುದ್ದತೊಡಗುತ್ತಾನೆ. ಪರದೆ ಬೀಳುತ್ತದೆ. ಗಾಲ್ಸ್‌ವರ್ದಿಯು ಸೆರೆಮನೆಗಳನ್ನು ಕಣ್ಣಾರೆ ಕಂಡು, ಬಂದಿಗಳೊಡನೆ ಮಾತನಾಡಿದವನಾದ್ದರಿಂದ ಇಲ್ಲಿನ ಪ್ರತಿಯೊಂದು ಚೇಷ್ಟೆಯೂ ಸತ್ಯವಾಗಿ ತೋರುತ್ತದೆ. ನಮ್ಮ ಆಲಂಕಾರಿಕರು ಆಂಗಿಕಾಭಿನಯಕ್ಕೆ ಕೊಟ್ಟ ಸ್ಥಾನವನ್ನು ಬಲ್ಲವರಿಗೆ ಈ ದೃಶ್ಯದ ಶಕ್ತಿಯನ್ನು ವಿವರಿಸಬೇಕಾಗಿಲ್ಲ.

ಆದರೆ ನನಗೆ ಇದಕ್ಕಿಂತ ಭಯಂಕರವಾಗಿ ತೋರುವುದು ಇದರ ಹಿಂದಿನ ದೃಶ್ಯ. ಅಲ್ಲಿ ಸೆರೆಮನೆಯ ಅಧ್ಯಕ್ಷನು ಸಜ್ಜನ. ಫಾಲ್ಡರನ ಸ್ಥಿತಿಗಾಗಿ ನಿಜವಾಗಿಯೂ ಮರುಗುತ್ತಾನೆ. ವೈದ್ಯನನ್ನು ಕೇಳಿದರೆ, ಹುಡುಗನಿಗೆ ಅಧೈರ್ಯ ಹೆಚ್ಚು, ಆದರೆ ತೂಕ ಇಳಿದಿಲ್ಲ ಎನ್ನುತ್ತಾನೆ. ತೂಕ ಇಳಿಯಲಿಲ್ಲವಾದ್ದರಿಂದ ನಿಯಮದಂತೆ ಇವನು ವಿಶೇಷ ಪ್ರಕರಣವಾಗಲಾರ. ಯಾರೂ ಕೆಟ್ಟವರಲ್ಲ, ಯಾರೂ ಏನನ್ನೂ ಮಾಡುವಂತಿಲ್ಲ. ವಿಮರ್ಶಕರು ಗಾಲ್ಸ್‌ವರ್ದಿಯ ನಿಷ್ಪಕ್ಷಪಾತವೆಂದು ಕೊಂಡಾಡುವುದು ಇದನ್ನೇ. ನಾನೂ ಇದರ ಕುಶಲತೆಯನ್ನು ಒಪ್ಪುತ್ತೇನೆ, ತತ್ತ್ವವನ್ನು ಒಪ್ಪಲಾರೆ. ಎಲ್ಲವೂ ಯಂತ್ರವೆಂದು ಫ್ರೋಮನು ಹೇಳಿದುದನ್ನು ನಾಟಕಕಾರನೂ ನಂಬಿಬಿಟ್ಟಂತೆ ತೋರುತ್ತದೆ. ಯಂತ್ರವೆಂಬ ಉಪಮೆ ಕೇಳುವುದಕ್ಕೆ ತೀಕ್ಷ್ಣವಾದ ಆರೋಪದಂತಿದೆ. ನಿಜವಾಗಿ ನೋಡಿದರೆ ಅದು ಎಲ್ಲರಿಗೂ ಕೊಟ್ಟ ಬಿಡುಗಡೆಯ ಪತ್ರ. ಗಾಲಿಗೆ ಪಾಪವಿಲ್ಲ. ಆದರೆ ಆ ಅಕ್ಟೋಬರ್ ಮಧ್ಯಾಹ್ನ ನ್ಯಾಯಾಧೀಶನ ಮುಂದೆ ಎರಡು ದಾರಿಗಳಿದ್ದವು. ಎರಡೂ ಕಾನೂನಿನ ದಾರಿಗಳೇ. ಅವನು ಗಾಲಿಯಾಗಿರಲಿಲ್ಲ, ಆರಿಸಿಕೊಂಡನು. ಹಾಗೆ ಆರಿಸಿಕೊಂಡುದನ್ನು ಅರೆವಾಕ್ಯದಲ್ಲಿ ದಾಟಿಸಿ, ಪ್ರೇಕ್ಷಕರು ಅದನ್ನು ವಿಧಿಯೆಂದು ಭ್ರಮಿಸುವಂತೆ ಮಾಡಿದುದು ನಾಟಕದ ದೊಡ್ಡ ಕೊರತೆ.

ಇದಕ್ಕೆ ಪ್ರತಿಯಾಗಿ ಒಂದು ಮಾತನ್ನು ಹೇಳಬಹುದು. ಗಾಲ್ಸ್‌ವರ್ದಿಯ ಗುರಿ ಏಕಾಂತವಾಸವಾಗಿತ್ತು. ಫಾಲ್ಡರನನ್ನು ಮುಚ್ಚಳಿಕೆಯ ಮೇಲೆ ಬಿಟ್ಟಿದ್ದರೆ ಮೂರನೆಯ ಅಂಕವೇ ಇರುತ್ತಿರಲಿಲ್ಲ. ಅದು ಸರಿ. ಅಲ್ಲದೆ, ನಂಬಿಗೆಯ ಸ್ಥಾನದಲ್ಲಿದ್ದು ಖೋಟಾ ಮಾಡಿದ ಗುಮಾಸ್ತನಿಗೆ ಅಂದಿನ ನ್ಯಾಯಾಧೀಶರು ಸುಲಭವಾಗಿ ದಯೆ ತೋರಿಸುತ್ತಿರಲಿಲ್ಲವೆಂಬುದೂ ನಿಜವಿರಬಹುದು. ನಾಯಕನನ್ನು ಸೆರೆಮನೆಗೆ ಕಳುಹಿಸಿದನೆಂದು ನಾನು ದೂರುತ್ತಿಲ್ಲ. ಕಳುಹಿಸಿದವರಿಗೆ ಬೇರೆ ದಾರಿಯಿತ್ತೆಂಬುದು ನೋಡುವವರ ಎದೆಯಲ್ಲಿ ಮುಳ್ಳಾಗಿ ಉಳಿಯುವಂತೆ ಮಾಡಲಿಲ್ಲವೆಂದಷ್ಟೇ ನನ್ನ ದೂರು.

ನಾಲ್ಕನೆಯ ಅಂಕದಲ್ಲಿ ಮಾತ್ರ ಅವನು ಈ ಪ್ರಶ್ನೆಯನ್ನು ತನಗೆ ತಿಳಿಯದೆಯೇ ಮುಟ್ಟಿದ್ದಾನೆ. ಎರಡು ವರುಷಗಳ ಮೇಲೆ, ಮಾರ್ಚಿ ತಿಂಗಳಲ್ಲಿ, ಫಾಲ್ಡರನು ರಹದಾರಿಯ ಮೇಲೆ ಬಿಡುಗಡೆಯಾಗಿ ಬಂದಿದ್ದಾನೆ. ಆಗಾಗ ಪೋಲೀಸರ ಮುಂದೆ ಹಾಜರಾಗಬೇಕು. ಒಂದು ಕಡೆ ಕೆಲಸ ಸಿಕ್ಕಿತ್ತು. ಜೊತೆಯ ಗುಮಾಸ್ತರಿಗೆ ಇವನ ಪೂರ್ವವೃತ್ತಾಂತ ತಿಳಿದುಹೋಯಿತು. ಅವರ ನೋಟವನ್ನು ತಾಳಲಾರದೆ ಬಿಟ್ಟು ಬಂದನು. ಯೋಗ್ಯತಾಪತ್ರವಿಲ್ಲದೆ ಕೆಲಸವಿಲ್ಲ, ಸೆರೆಯಿಂದ ಬಂದವನಿಗೆ ಯೋಗ್ಯತಾಪತ್ರವಿಲ್ಲ, ಕೊನೆಗೆ ಅದನ್ನೂ ಖೋಟಾ ಮಾಡುತ್ತಾನೆ. ಒಂದು ಖೋಟಾಕ್ಕೆ ಕೊಟ್ಟ ಶಿಕ್ಷೆಯೇ ಎರಡನೆಯ ಖೋಟಾವನ್ನು ಹೆತ್ತ ಈ ಸಂದರ್ಭವು ನಾಟಕದಲ್ಲೆಲ್ಲ ಅತ್ಯಂತ ಪರಿಪಕ್ವವಾದ ಕಲ್ಪನೆ.

ಆಗ ಜೇಮ್ಸ್ ಹೌ ಅವನನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಲು ಒಪ್ಪುತ್ತಾನೆ, ಒಂದು ಷರತ್ತಿನ ಮೇಲೆ: ರೂತಳ ಸಂಗವನ್ನು ಬಿಡಬೇಕು. ಇದು ಪ್ರೊಬೇಷನ್ನಿನ ಅಣಕ. ಷರತ್ತಿದೆ, ಮೇಲ್ವಿಚಾರಣೆಯಿದೆ, ಉಪಕಾರಬುದ್ಧಿಯೂ ಇದೆ, ಸ್ನೇಹವೊಂದಿಲ್ಲ. ಷರತ್ತು ಅಪರಾಧಕ್ಕೆ ಸಂಬಂಧಿಸಿದ್ದಲ್ಲ, ಜೇಮ್ಸನ ಮರ್ಯಾದೆಯ ಕಲ್ಪನೆಗೆ ಸಂಬಂಧಿಸಿದ್ದು. ಫಾಲ್ಡರನಿಗೆ ಲೋಕದಲ್ಲಿ ಉಳಿದಿರುವ ಒಂದೇ ಆಸರೆಯನ್ನು ಕಿತ್ತುಕೊಂಡು ಅವನನ್ನು ಎತ್ತಿ ನಿಲ್ಲಿಸುವೆನೆನ್ನುತ್ತಾನೆ. ಇತ್ತ ರೂತಳು ಮಕ್ಕಳ ಹೊಟ್ಟೆಗಾಗಿ ತನ್ನ ಯಜಮಾನನಿಗೆ ಒಳಗಾಗಿದ್ದಳೆಂಬುದು ಅದೇ ಕೋಣೆಯಲ್ಲಿ ಹೊರಬೀಳುತ್ತದೆ. ಅಷ್ಟರಲ್ಲಿ ಪತ್ತೇದಾರ ವಿಸ್ಟರನು, ಹಾಜರಿ ಕೊಡಲಿಲ್ಲವೆಂದೂ ಖೋಟಾ ಪತ್ರ ಕೊಟ್ಟನೆಂದೂ, ಹಿಡಿಯಲು ಬರುತ್ತಾನೆ. ಫಾಲ್ಡರನು ಧುಮುಕಿ ಸಾಯುತ್ತಾನೆ. ಪೋಲೀಸರ ಕಣ್ಣೊಂದು, ಯಜಮಾನನ ಕಣ್ಣೊಂದು. ಇವೆರಡರ ನಡುವೆ ಅವನಿಗೆ ನಿಲ್ಲಲು ನೆಲವಿರಲಿಲ್ಲ. ಬುದ್ಧಿ ಹೇಳಿ ನೆರವಾಗುವ ಮೂರನೆಯವನೊಬ್ಬನು ಕಾನೂನಿನಲ್ಲಿದ್ದನು, ನಾಟಕದಲ್ಲಿ ಬರಲಿಲ್ಲ.

ಪೂರ್ತಿ ಬರಲಿಲ್ಲವೆಂದರೆ ತಪ್ಪಾದೀತು. ಕಚೇರಿಯ ಹಿರಿಯ ಗುಮಾಸ್ತ ಕೋಕ್ಸನ್ ಇದ್ದಾನೆ. ವ್ಯಾಕರಣಕ್ಕೆ ತಪ್ಪಿ ಮಾತನಾಡುವ, ನಾಯಿಗಳ ಮೇಲೆ ಮಮತೆಯಿರುವ, ಸ್ವಲ್ಪ ಹಾಸ್ಯಾಸ್ಪದನಾದ ಈ ಮುದುಕನು ಯಾರ ಅಪ್ಪಣೆಯೂ ಇಲ್ಲದೆ ಡಿಸೆಂಬರಿನ ಚಳಿಯಲ್ಲಿ ಸೆರೆಮನೆಗೆ ಹೋಗಿ, ಹುಡುಗನನ್ನು ಹೀಗೆ ಒಬ್ಬನೇ ಇಡಬೇಡಿರೆಂದು ಅಧ್ಯಕ್ಷನನ್ನು ಬೇಡುತ್ತಾನೆ. ಅಲ್ಲಿ ಅವನ ಮಾತಿಗೆ ಬೆಲೆಯಿಲ್ಲ, ಅವನಿಗೆ ಸ್ಥಾನವಿಲ್ಲವಷ್ಟೆ. ಆಗಸ್ಟಸ್ ಚಮ್ಮಾರನಿಗೂ ಕೋಕ್ಸನ್ನನಿಗೂ ಹೃದಯದಲ್ಲಿ ಭೇದವಿಲ್ಲ. ಭೇದವಿರುವುದು ಕಾಲದಲ್ಲಿ: ಒಬ್ಬನು ಶಿಕ್ಷೆಗೆ ಮುಂಚೆ ಎದ್ದು ನಿಂತನು, ಇನ್ನೊಬ್ಬನು ಶಿಕ್ಷೆಯಾದ ಮೇಲೆ. ವಿಚಾರಣೆಯ ದಿನ ಕೋಕ್ಸನ್ನನು ಸಾಕ್ಷಿಯಾಗಿ ಕಟಕಟೆ ಹತ್ತಿದ್ದನು. ನಾನು ಇವನಿಗೆ ಹೊಣೆಯಾಗುವೆನೆಂದು ಅವನು ಅಂದೇ ಹೇಳಿದ್ದರೆ! ಆದರೆ ಅವನನ್ನು ಹಾಗೆಂದು ಕೇಳಿದವರು ಯಾರು? ಫ್ರೋಮನಂತಹ ಜಾಣನೂ ಬುದ್ಧಿವಿಕಾರದ ವಾದಕ್ಕೆ ಗಂಟುಬಿದ್ದು ಈ ಮುದುಕನ ಹೆಗಲನ್ನು ಮರೆತನು.

ನಮ್ಮ ದೇಶದ ಒಂದು ಕಲಾಕೃತಿಯನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಉಚಿತ. ವಿ. ಶಾಂತಾರಾಮರ ‘ದೋ ಆಂಖೇಂ ಬಾರಹ್ ಹಾಥ್’ ಎಂಬ ಚಿತ್ರ ೧೯೫೭ರಲ್ಲಿ ಬಂದಿತು. ಆದಿನಾಥನೆಂಬ ಸೆರೆಮನೆಯ ಅಧಿಕಾರಿ ಆರು ಮಂದಿ ಕೊಲೆಗಾರರನ್ನು ಬರಡು ಭೂಮಿಗೆ ಕರೆದೊಯ್ದು, ಅವರೊಡನೆ ಬಾಳಿ, ಅದನ್ನು ಹೊಲಮಾಡಿಸುವ ಕಥೆ. ಇದಕ್ಕೆ ಮೂಲವು ಔಂಧ್ ಸಂಸ್ಥಾನದಲ್ಲಿ ೧೯೩೯ರಲ್ಲಿ ಆಟಪಾಡಿಯ ಬಳಿ ತೆರೆದ ಸ್ವತಂತ್ರಪುರವೆಂಬ ಗೋಡೆಯಿಲ್ಲದ ಸೆರೆಮನೆ. ಆ ಸಂಸ್ಥಾನದ ಗುಣದಾಳ ಭಾಗವು ನಮ್ಮ ವಿಜಾಪುರ ಸೀಮೆಯದು. ಆ ಪ್ರಯೋಗಕ್ಕೆ ಪ್ರೇರಕರಲ್ಲಿ ಒಬ್ಬರಾದ ಮಾರಿಸ್ ಫ್ರೀಡ್‌ಮನ್ ಪೋಲೆಂಡಿನಿಂದ ಬಂದು ಬೆಂಗಳೂರಿನ ವಿದ್ಯುತ್ ಕಾರ್ಖಾನೆಯನ್ನು ನಡೆಸುತ್ತಿದ್ದ ಎಂಜಿನಿಯರು. ಚಿತ್ರವು ಗಾಲ್ಸ್‌ವರ್ದಿಯ ನಾಟಕಕ್ಕೆ ಉತ್ತರವೆಂಬಂತೆ ಆರಂಭವಾಗುತ್ತದೆ. ಆದರೆ ಬರುಬರುತ್ತ ಆದಿನಾಥನು ಸಂತನಾಗುತ್ತಾನೆ. ಅವನ ಎರಡು ಕಣ್ಣುಗಳು ಬಂದಿಗಳಿಗೆ ಎಲ್ಲಿ ಹೋದರೂ ಕಾಣುತ್ತವೆ. ಕೊನೆಗೆ ಗೂಳಿಗಳೊಡನೆ ಹೋರಾಡಿ ಪ್ರಾಣ ಬಿಡುತ್ತಾನೆ. ಚಿತ್ರ ಸುಂದರವಾಗಿದೆ, ನನಗೆ ತೃಪ್ತಿಯಾಗಲಿಲ್ಲ. ಒಬ್ಬರು ಯಾರೂ ಹೊಣೆಯಲ್ಲವೆಂದರು, ಇನ್ನೊಬ್ಬರು ಹೊಣೆಗೆ ಮಹಾತ್ಮನೇ ಬೇಕೆಂದರು. ಸೈಕಲ್ಲೇರಿ ಬೀದಿ ಬೀದಿ ಸುತ್ತಿ, ಹುಡುಗನ ತಾಯಿಯನ್ನು ಮಾತನಾಡಿಸಿ, ನ್ಯಾಯಾಧೀಶನಿಗೆ ನಾಲ್ಕು ಪುಟದ ವರದಿ ಬರೆದುಕೊಡುವ ಸಾಮಾನ್ಯ ನೌಕರನನ್ನು ಸಾಹಿತ್ಯ ಇನ್ನೂ ಕಂಡಿಲ್ಲ.

ಅಂತಹ ನೌಕರನು ನಮ್ಮಲ್ಲಿ ಇದ್ದೇ ಇದ್ದಾನೆ. ೧೮೯೮ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ ೫೬೨ನೆಯ ಕಲಮಿನಲ್ಲಿಯೇ ಸನ್ನಡತೆಯ ಮುಚ್ಚಳಿಕೆಗೆ ಎಡೆಯಿತ್ತು. ಮದರಾಸು ಪ್ರಾಂತ್ಯದಲ್ಲಿ ೧೯೩೬ರ ಕಾಯಿದೆಯೂ ಮುಂಬಯಿ ಪ್ರಾಂತ್ಯದಲ್ಲಿ ೧೯೩೮ರ ಕಾಯಿದೆಯೂ ಬಂದುದರಿಂದ, ಮಂಗಳೂರು, ಬಳ್ಳಾರಿ, ಧಾರವಾಡ, ಬೆಳಗಾವಿಗಳ ಕನ್ನಡಿಗರಿಗೆ ಈ ಪದ್ಧತಿ ಸ್ವಾತಂತ್ರ್ಯಕ್ಕೆ ಮುಂಚೆಯೇ ಅನ್ವಯಿಸುತ್ತಿತ್ತು. ೧೯೫೮ರಲ್ಲಿ ಕೇಂದ್ರದ ಪ್ರೊಬೇಷನ್ ಕಾಯಿದೆಯಾಯಿತು. ಇಪ್ಪತ್ತೊಂದು ತುಂಬದವರನ್ನು, ಅಪರಾಧವು ಆಜೀವ ಸೆರೆವಾಸಕ್ಕೆ ಅರ್ಹವಾದುದಲ್ಲದಿದ್ದರೆ, ಸೆರೆಮನೆಗೆ ಕಳುಹಿಸುವ ಮುಂಚೆ ಅಧಿಕಾರಿಯ ವರದಿಯನ್ನು ತರಿಸಿ ನೋಡಬೇಕೆಂದೂ, ಹೀಗೆ ಬಿಡುಗಡೆ ಹೊಂದಿದವನಿಗೆ ಶಿಕ್ಷಿತನಿಗೆ ತಟ್ಟುವ ಅನರ್ಹತೆ ತಟ್ಟಬಾರದೆಂದೂ ಅದು ವಿಧಿಸಿತು. ೨೦೨೩ರ ಭಾರತೀಯ ನ್ಯಾಯ ಸಂಹಿತೆಯು, ೨೦೨೪ರ ಜುಲೈ ೧ರಿಂದ, ಸಮುದಾಯ ಸೇವೆಯನ್ನೂ ಶಿಕ್ಷೆಗಳ ಸಾಲಿನಲ್ಲಿ ಸೇರಿಸಿದೆ. ೫೦೦೦ ರೂಪಾಯಿಗೆ ಒಳಗಿನ ಮೊದಲ ಕಳವಿನಲ್ಲಿ, ಕದ್ದುದನ್ನು ಹಿಂದಿರುಗಿಸಿದರೆ, ಇದೇ ಶಿಕ್ಷೆ. ಕುಡಿದು ಬೀದಿಯಲ್ಲಿ ದುರ್ವರ್ತನೆ ಮಾಡುವುದೇ ಮೊದಲಾದ ಇನ್ನು ಕೆಲವು ಸಣ್ಣ ಅಪರಾಧಗಳಿಗೂ ಅದು ಸಲ್ಲುತ್ತದೆ.

ಹಾಗಾದರೆ ಫಾಲ್ಡರನು ಇಂದು ನಮ್ಮಲ್ಲಿ ಹುಟ್ಟಿದ್ದರೆ ಉಳಿಯುತ್ತಿದ್ದನೆ? ಈ ಪ್ರಶ್ನೆಯನ್ನು ಹಾಕಿಕೊಂಡು ಕಾಯಿದೆಯನ್ನು ತೆರೆದ ನಾನು ಬೆರಗಾದೆನು. ಚೆಕ್ಕು ಬೆಲೆಯುಳ್ಳ ಪತ್ರ. ಅಂತಹ ಪತ್ರವನ್ನು ಖೋಟಾ ಮಾಡುವುದು ನಮ್ಮ ದಂಡಸಂಹಿತೆಯಲ್ಲಿ, ಹಳೆಯದರಲ್ಲಿಯೂ ಹೊಸದರಲ್ಲಿಯೂ, ಆಜೀವ ಸೆರೆವಾಸದವರೆಗೆ ಶಿಕ್ಷಾರ್ಹ. ಆಜೀವ ಸೆರೆವಾಸಕ್ಕೆ ಅರ್ಹವಾದ ಅಪರಾಧಕ್ಕೆ ೧೯೫೮ರ ಕಾಯಿದೆ ಸಲ್ಲದು. ಆದುದರಿಂದ ಆ ಕಲಮಿನ ಮೇಲೆ ದೋಷಿಯಾದವನಿಗೆ ನಮ್ಮ ನ್ಯಾಯಾಧೀಶನು ಮರುಗಿದರೂ ಬಾಗಿಲು ತೆರೆಯಲಾರ. ೧೯೧೦ರ ಆ ಇಂಗ್ಲಿಷ್ ನ್ಯಾಯಾಧೀಶನಿಗಾದರೋ ಬಾಗಿಲು ತೆರೆದೇ ಇದ್ದಿತು. ಫ್ರೋಮನ ಯಂತ್ರದ ಉಪಮೆ ತನ್ನ ನಾಟಕದಲ್ಲಿ ಅಷ್ಟಾಗಿ ಸಲ್ಲದೆ ಇಲ್ಲಿ ಬಂದು ಸಲ್ಲುವುದೆಂಬುದು ವಿಚಿತ್ರ.

ನಮ್ಮ ಜಿಲ್ಲೆಯ ಹವ್ಯಾಸಿ ಮಂಡಲಿಗಳು ಎಂದಾದರೂ ಈ ನಾಟಕವನ್ನು ಕನ್ನಡದಲ್ಲಿ ಆಡುವುದಾದರೆ ನನ್ನದೊಂದು ವಿಜ್ಞಾಪನೆಯುಂಟು. ಸೆರೆಕೋಣೆಯ ದೃಶ್ಯ ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ಅದರಲ್ಲಿ ಸೋತ ನಟನು ವಿರಳ. ಒಳ್ಳೆಯ ನಟನನ್ನು ನ್ಯಾಯಾಧೀಶನ ಪಾತ್ರಕ್ಕೆ ಇಡಬೇಕು. ತನಗಿರುವ ಅಧಿಕಾರವನ್ನು ಕುರಿತು ಹೇಳುವ ಮಾತಿಗೆ ಬಂದಾಗ ಅವನು ಓದುತ್ತಿರುವ ಕಾಗದದಿಂದ ತಲೆಯೆತ್ತಲಿ, ಫಾಲ್ಡರನನ್ನು ನೋಡಲಿ, ಸಾಕ್ಷಿಗಳ ಸಾಲಿನಲ್ಲಿ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕುಳಿತಿರುವ ಕೋಕ್ಸನ್ನನನ್ನೂ ಒಂದು ಕ್ಷಣ ನೋಡಲಿ. ಆಮೇಲೆ ಮೂರು ವರುಷವೆಂದು ಹೇಳಲಿ.